ಮಟ್ಟ ಒಂದೇ, ಮೆಟ್ಟಿಲು ಹಲವು

ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ಮಕ್ಕಳೂ ಒಂದೇ ಬಗೆಯಲ್ಲಿ ಕಲಿಯುವುದಿಲ್ಲ. ‘ದೊಡ್ಡವನಿಗೆ ಒಮ್ಮೆ ಹೇಳಿದರೆ ಸಾಕು, ಚಿಕ್ಕವಳ ತಲೆಗೆ ಎಷ್ಟು ಹೇಳಿದರೂ ಹತ್ತುವುದಿಲ್ಲ’ ಎಂದು ತಾಯಂದಿರು ಕೊರಗುವುದನ್ನು ವಾಚಕರು ಕೇಳಿಯೇ ಇರುತ್ತಾರೆ. ಹಾಗಾದರೆ ಚಿಕ್ಕವಳು ಕಲಿಯಬೇಕಾದುದನ್ನೇ ಕಡಿಮೆ ಮಾಡಬೇಕೆ, ಇಲ್ಲವೆ ಕಲಿಸುವ ಬಗೆಯನ್ನು ಬದಲಿಸಬೇಕೆ? ಎರಡನೆಯದೇ ಸರಿಯಾದ ಮಾರ್ಗವೆಂಬುದನ್ನು ಇಲ್ಲಿ ವಿವೇಚಿಸಬಹುದು.

ಯಾವ ತರಗತಿಯಲ್ಲಿ ಮಗು ಎಷ್ಟು ಕಲಿತಿರಬೇಕೆಂಬುದಕ್ಕೆ ಇಂದು ನಿಶ್ಚಿತ ಅಳತೆಗಳಿವೆ. 1991ರಲ್ಲಿ ಪ್ರಕಟವಾದ ಕನಿಷ್ಠ ಕಲಿಕಾ ಮಟ್ಟಗಳ ವರದಿ ಈ ದಿಕ್ಕಿನ ಮುಖ್ಯ ಹೆಜ್ಜೆ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯಂತೆ ಮಗು ಒಂದನೆಯ ತರಗತಿಯಲ್ಲಿ 99ರವರೆಗೆ, ಎರಡನೆಯದರಲ್ಲಿ 999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಈ ಮಟ್ಟ ಎಲ್ಲ ಮಕ್ಕಳಿಗೂ ಒಂದೇ.

ಮಟ್ಟ ಒಂದಾದರೂ ಅದನ್ನು ಏರುವ ವೇಗ ಬೇರೆ ಬೇರೆ ಎಂಬುದನ್ನು ಒಪ್ಪಿದ ಪದ್ಧತಿಯೇ ನಲಿ-ಕಲಿ. ಅದು 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಯಿತು. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಪಾಠಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಬಿಡಿಸಿ, ಕಾರ್ಡುಗಳಲ್ಲಿ ಬರೆದು, ಕಲಿಕಾ ಏಣಿಯೊಂದನ್ನು ರಚಿಸಿದರು. ಕೆಲವು ಮಕ್ಕಳು ಶಿಕ್ಷಕರ ಬಳಿ, ಕೆಲವರು ಗೆಳೆಯರೊಡನೆ, ಕೆಲವರು ತಾವಾಗಿಯೇ ಕಲಿಯುವರು. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಈ ಮಗು ನೋಡಿ ಕಲಿಯುವುದು, ಆ ಮಗು ಕೇಳಿ ಕಲಿಯುವುದು’ ಎಂದು ಮಕ್ಕಳಿಗೆ ಹಣೆಪಟ್ಟಿ ಕಟ್ಟುವ ರೂಢಿ ಬೆಳೆದಿದೆ. ಹೀಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಫಲವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು 2008ರಲ್ಲಿಯೇ ತೋರಿಸಿದ್ದಾರೆ. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಮಗು ಮರಳಿನ ಮೇಲೆ ಬೆರಳಾಡಿಸುತ್ತ, ಅಕ್ಷರವನ್ನು ಕಣ್ಣಾರೆ ಕಾಣುತ್ತ, ಬಾಯಲ್ಲಿ ಉಚ್ಚರಿಸುತ್ತಿತ್ತು. ಕೈ, ಕಣ್ಣು, ಕಿವಿ ಮೂರಕ್ಕೂ ಅಲ್ಲಿ ಕೆಲಸವಿತ್ತು. ಹಲವು ಬಗೆಗಳು ಪ್ರತಿಯೊಂದು ಮಗುವಿಗೂ ದೊರೆಯಬೇಕು.

ಪಾಠವನ್ನು ಯೋಜಿಸುವ ಕ್ರಮಕ್ಕೆ ಒಂದು ನಿದರ್ಶನ. ಶ್ರೀರಂಗಪಟ್ಟಣದ ಬಳಿಯ ಬಾಬುರಾಯನಕೊಪ್ಪಲು ಭತ್ತ, ಕಬ್ಬು ಬೆಳೆಯುವ ಸೀಮೆಯ ಊರು. ಇಂತಹ ಊರಿನ ಮಕ್ಕಳಿಗೆ ಹುಲ್ಲಿನ ಸಿವುಡು ಹೊಸದಲ್ಲ. ಬಿಡಿ-ಹತ್ತುಗಳ ಪಾಠಕ್ಕೆ ಅದೇ ಸಾಧನವಾಗಬಲ್ಲದು. ಮೊದಲು ಎಲ್ಲರೂ ಸ್ಲೇಟಿನಲ್ಲಿ ಮೂವತ್ತನಾಲ್ಕನ್ನು ಬರೆಯಲಿ. ಕೆಲವರು 34 ಎಂದೂ, ಕೆಲವರು ಕೇಳಿದಂತೆಯೇ 304 ಎಂದೂ ಬರೆಯುವರು. ಕೆಲವರಿಗೆ ಎಣಿಕೆಯೇ ತಡವರಿಸೀತು. ಎಣಿಕೆ ಬಾರದವರು ಹುಲ್ಲುಕಡ್ಡಿಗಳನ್ನು ಎಣಿಸಿ ಹತ್ತಕ್ಕೊಂದು ಕಟ್ಟು ಕಟ್ಟಲಿ. 304 ಬರೆದವರು ಮೂರು ಕಟ್ಟುಗಳನ್ನು ಎಡಕ್ಕೂ ನಾಲ್ಕು ಬಿಡಿಕಡ್ಡಿಗಳನ್ನು ಬಲಕ್ಕೂ ಇಟ್ಟು, ಅವುಗಳ ಕೆಳಗೆ ಒಂದೊಂದು ಅಂಕಿ ಬರೆಯಲಿ. ಸರಿಯಾಗಿ ಬರೆದವರು ಹತ್ತರ ನೋಟು, ಒಂದರ ನಾಣ್ಯಗಳಿಂದ ಅಂಗಡಿಯಾಟ ಆಡಲಿ. ಮುಂದಿನ ದಿನಗಳಲ್ಲಿ ಈ ಕೆಲಸಗಳು ಎಲ್ಲರ ಪಾಲಿಗೂ ಬರಲಿ.

ಕೊನೆಯ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ: 57ನ್ನು ಓದು, ಕಡ್ಡಿಗಳಲ್ಲಿ ತೋರಿಸು, ಬರೆ. ತಪ್ಪಿದವರಿಗೆ ಮರುದಿನ ಮತ್ತೆ ಕಡ್ಡಿಯ ಪಾಠ. ‘ಇವಳಿಗೆ ಇಷ್ಟೇ ಸಾಕು’ ಎಂದು ಮಗುವೊಂದನ್ನು ಹಿಂದೆ ಬಿಟ್ಟರೆ, ಕೂಡಿಸುವಾಗ ಕಟ್ಟುವ ದಶಕ, ಕಳೆಯುವಾಗ ಪಡೆಯುವ ದಶಕ ಅದಕ್ಕೆ ಒಗಟಾಗಿಯೇ ಉಳಿಯುತ್ತವೆ.

ತಾಯಿತಂದೆಗಳೂ ಈ ಕಾರ್ಯದಲ್ಲಿ ಭಾಗಿಗಳಾಗಬೇಕು. ಕಡ್ಡಿ, ಹುಣಸೆಬೀಜಗಳಿಗೆ ಹಣ ಬೇಕಿಲ್ಲ. ಸಂಜೆಯ ಕಾಲುಗಂಟೆ ಸಾಕು. ಅಕ್ಕ-ತಮ್ಮಂದಿರನ್ನು ಹೋಲಿಸಿ ನೋಯಿಸದೆ, ಮಗು ಇಂದು ಯಾವ ಮೆಟ್ಟಿಲಲ್ಲಿದೆ ಎಂದು ಗುರುಗಳನ್ನು ಕೇಳಿ ತಿಳಿದು, ಮನೆಯಲ್ಲಿ ಅಲ್ಲಿಂದಲೇ ಆರಂಭಿಸುವುದು ಲೇಸು.