ಬಯಲುಸೀಮೆಯಿಂದ ಕಂಡ ದೋಣಿಸಂಸಾರ

ಗಂಡ ಹೆಂಡತಿ ಇಬ್ಬರೇ ಒಂದು ಹಾಯಿದೋಣಿಯನ್ನು ಮನೆ ಮಾಡಿಕೊಂಡು, ಅದರಲ್ಲೇ ಉಂಡು ಮಲಗಿ, ವರ್ಷಗಟ್ಟಲೆ ಬಂದರಿನಿಂದ ಬಂದರಿಗೆ ಸಾಗುತ್ತ ಬಾಳುವ ರೂಢಿಯು ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ದೇಶಗಳ ಮಧ್ಯಮವರ್ಗದಲ್ಲಿ ಹರಡಿತು. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ವಿಜಯಪುರದ ಓದುಗರಿಗೆ ಇದು ದೂರದ ವಿಲಾಸವೆಂದು ತೋರುವುದು ಸಹಜ. ಆದರೆ ಅಂಥ ಬದುಕಿನ ಮೊದಲ ಕೆಲವು ವರ್ಷಗಳ ವಿವರಗಳನ್ನು ನೋಡಿದರೆ ಅಲ್ಲಿ ಸಾಹಸಕ್ಕಿಂತ ಮನೆವಾರ್ತೆಯೇ ಹೆಚ್ಚು. ನೀರನ್ನು ಅಳೆದು ಬಳಸುವುದು, ಕೆಡದ ಊಟವನ್ನು ಕಟ್ಟಿಟ್ಟುಕೊಳ್ಳುವುದು, ಇಬ್ಬರ ನಡುವೆ ಕೆಲಸವನ್ನು ಹಂಚಿಕೊಳ್ಳುವುದು ಇವೇ ಅದರ ಮುಖ್ಯ ವಿದ್ಯೆಗಳು, ಮತ್ತು ಇವುಗಳಲ್ಲಿ ಮೊದಲೆರಡು ಬರದ ನಾಡಿನವರಿಗೆ ಹೊಸವಲ್ಲ.

ಮೂರನೆಯದನ್ನು ನೋಡಲು ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ದಕ್ಷಿಣದ ಅಂಚಿಗೆ, ಕೃಷ್ಣೆಯ ಕಡೆಗೆ ಇಳಿಯಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು 519.60 ಮೀಟರಿನ ಮಟ್ಟಕ್ಕೆ ನಿಂತಾಗ ಅದರ ಸಂಗ್ರಹ ಸುಮಾರು 123 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಈ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನೂ ಗಡಿಗೆ ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವನ್ನೂ ಮುಳುಗಿಸಿತು; ಇದೇ ನದಿಯಿಂದ ಏತ ನೀರಾವರಿಯ ಮೂಲಕ ಮೇಲೆತ್ತಿದ ನೀರು ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳಿಗೂ ದ್ರಾಕ್ಷಿ ತೋಟಗಳಿಗೂ ಹರಿಯುವಂತಾಯಿತು. ಕರ್ನಾಟಕದ ದೊಡ್ಡ ಜಲಾಶಯಗಳು ತುಂಬಿದಲ್ಲೆಲ್ಲ ಅವುಗಳ ಬೆನ್ನಿಗೇ ಹರಿಗೋಲಿನ ಮೀನುಗಾರರೂ ಬಂದಿದ್ದಾರೆ. ಸ್ಥಳೀಯ ಅಂಬಿಗರ ಜೊತೆಗೆ ಆಂಧ್ರ, ತಮಿಳುನಾಡುಗಳಿಂದ ವಲಸೆ ಬಂದ ಕುಟುಂಬಗಳು ದಂಡೆಯಲ್ಲಿ ಗುಡಿಸಲು ಹಾಕಿ, ನೀರು ಸರಿದಂತೆ ತಾವೂ ಸರಿಯುತ್ತ ಬಾಳುವುದು ರಾಜ್ಯದ ಹಲವು ಹಿನ್ನೀರುಗಳಲ್ಲಿ ಕಾಣುವ ಸಂಗತಿ, ಮತ್ತು ಆ ಹರಿಗೋಲುಗಳಲ್ಲಿ ಅನೇಕ ಕಡೆ ಕೂತಿರುವವರು ಗಂಡ ಹೆಂಡತಿಯೇ.

ಹರಿಗೋಲು ಎಂದರೆ ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನು, ಈಗ ಪ್ಲಾಸ್ಟಿಕ್ ಚೀಲವನ್ನು ಹೊದಿಸಿ, ನೀರು ಜಿನುಗದಂತೆ ಡಾಂಬರು ಬಳಿದ ದುಂಡನೆಯ ತೆಪ್ಪ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಜನರನ್ನಷ್ಟೇ ಅಲ್ಲದೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದ ಇಂಥ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಇದಕ್ಕೆ ಮುಂದು ಹಿಂದು ಎಂಬುದಿಲ್ಲವಾದ್ದರಿಂದ ಹುಟ್ಟು ಹಾಕುವವರು ಎದುರಿನ ನೀರನ್ನು ತಮ್ಮತ್ತ ಸೆಳೆದುಕೊಳ್ಳುತ್ತ ಸಾಗಬೇಕು. ಕೈ ಪಳಗದವರು ಹುಟ್ಟು ಹಿಡಿದರೆ ಅದು ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ಹೆಣೆದ ಉದ್ದನೆಯ ಬಲೆಯನ್ನು ಸಂಜೆ ಬಿಟ್ಟು ಬೆಳಗಿನ ಜಾವ ಎತ್ತುವಾಗ ಒಬ್ಬರ ಎರಡೂ ಕೈ ಬಲೆಯಲ್ಲಿರುತ್ತವೆ, ಗಾಳಿಗೆ ಜಾರದಂತೆ ಹರಿಗೋಲನ್ನು ಬಲೆಯ ಗುಂಟ ನಡೆಸುವ ಹೊಣೆ ಇನ್ನೊಬ್ಬರದು. ಹುಟ್ಟು ಹೆಂಡತಿಯ ಕೈಯಲ್ಲಿದ್ದಾಗ ಅವಳನ್ನು ಸಹಾಯಕಿ ಎಂದು ಬರೆಯುವ ವಾಡಿಕೆಯುಂಟಾದರೂ, ನೌಕೆಯ ಲೆಕ್ಕದಲ್ಲಿ ಅವಳೇ ಚಾಲಕಿ. ಈ ಜೋಡಿಗಳು ಮಲಗುವುದು ದಂಡೆಯಲ್ಲಿ, ದುಡಿಯುವುದು ಹೊಟ್ಟೆಪಾಡಿಗೆ. ಹಾಯಿದೋಣಿಯವರು ಮಲಗುವುದೂ ನೀರಿನ ಮೇಲೆಯೇ, ಹೊರಡುವುದು ತಮ್ಮಿಚ್ಛೆಯಿಂದ. ಈ ಅಂತರ ಚಿಕ್ಕದಲ್ಲ.

ಇಚ್ಛೆಯಿಂದ ಹೊರಟವರಲ್ಲಿ ದಾರಿ ತೋರಿದವರು ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ದಂಪತಿ. 30 ಅಡಿ ಉದ್ದದ ‘ವಾಂಡರರ್ 3’ ಎಂಬ ದೋಣಿಯಲ್ಲಿ ಅವರು 1952ರಿಂದ 1955ರವರೆಗೆ ಭೂಮಿಯನ್ನು ಸುತ್ತಿದರು. ಎರಿಕ್ ಅವರ ದೃಷ್ಟಿ ತೀರ ಮಂದವಾಗಿತ್ತೆಂಬುದನ್ನು ನೆನೆದರೆ ಆ ಯಾನದಲ್ಲಿ ಸೂಸನ್ ಅವರ ಪಾಲು ಎಷ್ಟೆಂದು ಊಹಿಸಬಹುದು. ಆದರೆ ಆರಂಭದ ವರ್ಷಗಳ ಪಾಡನ್ನು ಅರಿಯಲು ಇವರಿಗಿಂತ ಮೈಲ್ಸ್ ಮತ್ತು ಬೆರಿಲ್ ಸ್ಮೀಟನ್ ದಂಪತಿಯ ಕಥೆ ಹೆಚ್ಚು ಉಪಯುಕ್ತ, ಏಕೆಂದರೆ ಅವರಿಗೆ ಮೊದಲಿಗೆ ಏನೂ ತಿಳಿದಿರಲಿಲ್ಲ. ಬ್ರಿಟಿಷರ ಕಾಲದ ಭಾರತೀಯ ಸೇನೆಯಲ್ಲಿ ಅಧಿಕಾರಿಯಾಗಿದ್ದ ಮೈಲ್ಸ್ ಯುದ್ಧದ ನಂತರ ಕೆನಡಾದಲ್ಲಿ ಒಕ್ಕಲುತನಕ್ಕೆ ನೆಲೆಸಿದ್ದರು. ಇಂಗ್ಲೆಂಡಿನಲ್ಲಿದ್ದ ಹಣವನ್ನು ಹೊರಗೆ ಒಯ್ಯಲು ಆಗಿನ ಸರ್ಕಾರದ ನಿರ್ಬಂಧವಿದ್ದುದರಿಂದ, ಅದೇ ಹಣದಲ್ಲಿ ಅಲ್ಲಿಯೇ ‘ತ್ಸು ಹಾಂಗ್’ ಎಂಬ 46 ಅಡಿಯ ದೋಣಿಯನ್ನು ಕೊಂಡು, ಕೆನಡಾಕ್ಕೆ ನಡೆಸಿಕೊಂಡು ಹೋಗಿ ಮಾರಿಬಿಡುವುದು ಅವರ ಎಣಿಕೆಯಾಗಿತ್ತು. ಹಾಯಿ ಕಟ್ಟುವುದನ್ನೂ ನಕ್ಷತ್ರ ನೋಡಿ ದಿಕ್ಕು ಹಿಡಿಯುವುದನ್ನೂ ದಾರಿಯಲ್ಲೇ ಕಲಿಯುತ್ತ, ಚಿಕ್ಕ ಮಗಳನ್ನು ಜೊತೆಗಿಟ್ಟುಕೊಂಡು ಅವರು ಎರಡು ಸಾಗರಗಳನ್ನು ದಾಟಿದರು. ದೋಣಿಯನ್ನು ಮಾತ್ರ ಮಾರಲಿಲ್ಲ.

1957ರ ಫೆಬ್ರವರಿಯಲ್ಲಿ ದಕ್ಷಿಣ ಅಮೆರಿಕದ ತುದಿಯಾದ ಕೇಪ್ ಹಾರ್ನ್ ಕಡೆಗೆ ಸಾಗುತ್ತಿದ್ದಾಗ ಒಂದು ದೈತ್ಯ ಅಲೆ ತ್ಸು ಹಾಂಗಿನ ಹಿಂಬದಿಯನ್ನೆತ್ತಿ ಅದನ್ನು ಮುಂದಕ್ಕೆ ಪಲ್ಟಿ ಹೊಡೆಸಿತು. ಚುಕ್ಕಾಣಿ ಹಿಡಿದಿದ್ದ ಬೆರಿಲ್ ಕಡಲಿಗೆ ಎಸೆಯಲ್ಪಟ್ಟು, ಗಾಯಗೊಂಡೇ ಈಜಿ ಮರಳಿದರು. ಕೂವೆಮರಗಳು, ಅಂದರೆ ಹಾಯಿ ಕಟ್ಟುವ ಕಂಬಗಳು, ಮುರಿದುಹೋದವು. ಜೊತೆಗಿದ್ದ ಜಾನ್ ಗಜ್‌ವೆಲ್ ಎಂಬ ಗೆಳೆಯ ಬಡಗಿಯ ಕೆಲಸ ಬಲ್ಲವನಾಗಿದ್ದುದು ಅವರ ಪುಣ್ಯ. ಹರಕು ಹಾಯಿಯಲ್ಲಿ ಚಿಲಿ ದೇಶವನ್ನು ಮುಟ್ಟಿ, ತಿಂಗಳುಗಟ್ಟಲೆ ದುರಸ್ತಿ ಮಾಡಿ, ಗಂಡ ಹೆಂಡತಿ ಇಬ್ಬರೇ ಮತ್ತೆ ಹೊರಟರೆ ಅದೇ ವರ್ಷದ ಡಿಸೆಂಬರಿನಲ್ಲಿ ದೋಣಿ ಇನ್ನೊಮ್ಮೆ ಉರುಳಿತು. ಅವರು ಕೊನೆಗೂ ಹಾರ್ನ್ ಭೂಶಿರವನ್ನು ಬಳಸಿ ದಾಟಿದ್ದು 1968ರಲ್ಲಿ. ಇದನ್ನು ಧೈರ್ಯವೆನ್ನಬೇಕೋ ಹಟವೆನ್ನಬೇಕೋ ಎಂಬುದು ಓದುವವರಿಗೆ ಬಿಟ್ಟದ್ದು.

ಇಂಥ ಬಿರುಗಾಳಿಗಳು ಅಪರೂಪ. ನಿತ್ಯದ ಕಷ್ಟ ನೀರಿನದು. ದಿನಕ್ಕೆ ತಲೆಗೆ ಎರಡು ಲೀಟರ್ ಕುಡಿಯುವ ನೀರೆಂಬುದು ಸಣ್ಣ ದೋಣಿಗಳ ಹಳೆಯ ಲೆಕ್ಕ, ಅದರಂತೆ ಇಬ್ಬರಿಗೆ ಮೂವತ್ತು ದಿನಕ್ಕೆ 120 ಲೀಟರ್ ಸಾಕು. ನಮ್ಮ ನಗರಗಳಲ್ಲಿ ಒಬ್ಬ ವ್ಯಕ್ತಿಗೆ ಒಂದು ದಿನಕ್ಕೆ ಒದಗಿಸಬೇಕೆಂದು ಸರ್ಕಾರಿ ಮಾನದಂಡ ಹೇಳುವ ಪ್ರಮಾಣ 135 ಲೀಟರ್. ಪಾತ್ರೆ ತೊಳೆಯುವುದು, ಮೈ ತೊಳೆಯುವುದು ಸಮುದ್ರದ ಉಪ್ಪುನೀರಿನಲ್ಲೇ ನಡೆಯುತ್ತವೆ. ಮಳೆ ಬಂದರೆ ಹಾಯಿಯ ಬುಡದಲ್ಲಿ ಬಕೆಟ್ಟು ಇಟ್ಟು ಹಿಡಿಯುತ್ತಾರೆ, ಅದೂ ಹಾಯಿಗೆ ಅಂಟಿದ ಉಪ್ಪು ಮೊದಲ ಹನಿಗಳಲ್ಲಿ ತೊಳೆದುಹೋದ ಮೇಲೆ. ಈಚೆಗೆ ಉಪ್ಪುನೀರನ್ನು ಸಿಹಿಯಾಗಿಸುವ ಸಣ್ಣ ಯಂತ್ರಗಳು ಬಂದಿದ್ದರೂ ಅವು ಕೈಕೊಟ್ಟಾಗ ಉಳಿಯುವುದು ಈ ಅಳತೆಯೇ. ನಳದ ನೀರಿಗೆ ದಿನಗಟ್ಟಲೆ ಕಾದು, ಮನೆಯ ಕೊಡ ಹಂಡೆಗಳನ್ನೆಲ್ಲ ತುಂಬಿಟ್ಟು ಬೇಸಿಗೆ ಕಳೆದ ವಿಜಯಪುರದ ಗೃಹಿಣಿಗೆ ಈ ಲೆಕ್ಕವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಊಟದ ವಿಷಯದಲ್ಲಂತೂ ಈ ಜಿಲ್ಲೆ ಕಡಲಯಾನಕ್ಕೆ ಹೇಳಿ ಮಾಡಿಸಿದಂತಿದೆ. ಹಿಂದಿನ ನಾವಿಕರು ತಿಂಗಳುಗಟ್ಟಲೆ ತಿನ್ನುತ್ತಿದ್ದುದು ತೇವವೆಲ್ಲ ಆರುವಂತೆ ಸುಟ್ಟ, ಹಲ್ಲಿಗೆ ಜಗ್ಗದ ಗೋಧಿ ಬಿಸ್ಕತ್ತು. ಬಿಳಿಜೋಳದ ಖಡಕ್ ರೊಟ್ಟಿಯ ತತ್ತ್ವವೂ ಅದೇ, ರುಚಿ ಮಾತ್ರ ಎಷ್ಟೋ ಮೇಲು. ಕಡಲ ಗಾಳಿಯ ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಅದೂ ಶೇಂಗಾ ಹಿಂಡಿಯೂ ವಾರಗಟ್ಟಲೆ ಕೆಡುವುದಿಲ್ಲ. ತಿಕೋಟಾ ಸುತ್ತಲಿನ ಒಣದ್ರಾಕ್ಷಿ, ಮನೆಯ ಉಳ್ಳಾಗಡ್ಡಿ ಇವೆರಡೂ ಫ್ರಿಜ್ಜಿಲ್ಲದೆ ತಾಳುವ ಪದಾರ್ಥಗಳು. ಇನ್ನು ನಿಂಬೆ: ತಾಜಾ ಹಣ್ಣು ತರಕಾರಿ ಸಿಗದೆ ಒಸಡು ಬಾತು ರಕ್ತ ಒಸರುವ ಸ್ಕರ್ವಿ ಎಂಬ ರೋಗ ನಾವಿಕರನ್ನು ಶತಮಾನಗಳ ಕಾಲ ಬಲಿ ತೆಗೆದುಕೊಂಡಿತ್ತು; 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಳೆ ಮತ್ತು ನಿಂಬೆಯ ಜಾತಿಯ ಹಣ್ಣು ಕೊಟ್ಟ ರೋಗಿಗಳು ಬೇಗ ಚೇತರಿಸಿಕೊಂಡುದನ್ನು ಪ್ರಯೋಗದಿಂದ ತೋರಿಸಿದ. ಇಂಡಿ ಸೀಮೆಯ ನಿಂಬೆಯ ಒಂದು ಚೀಲ, ಉಪ್ಪಿನಕಾಯಿಗಲ್ಲದೆ ಹಾಗೆಯೇ ಹಿಂಡಿಕೊಳ್ಳಲು, ಯಾವ ದೋಣಿಗೂ ಔಷಧಿ ಪೆಟ್ಟಿಗೆಯಷ್ಟೇ ಅಗತ್ಯ.

ನಿದ್ರೆಯನ್ನು ಮಾತ್ರ ಡಬ್ಬಿಯಲ್ಲಿ ಕೂಡಿಡಲಾಗದು. 30 ಅಡಿಯ ಹಾಯಿದೋಣಿ ಸರಾಸರಿ ಐದು ನಾಟಿಗಿಂತ ಹೆಚ್ಚು ಓಡುವುದಿಲ್ಲ. ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್ ವೇಗ. ಹಗಲಿರುಳು ನಿಲ್ಲದೆ ಓಡಿದರೂ ದಿನಕ್ಕೆ ಸುಮಾರು 220 ಕಿಲೋಮೀಟರ್ ಆಗುವುದರಿಂದ, ವಿಜಯಪುರದಿಂದ ಬೆಂಗಳೂರಿನಷ್ಟು ದೂರಕ್ಕೆ ಎರಡು ದಿನಕ್ಕೂ ಮೇಲೆ ಹಿಡಿಯುತ್ತದೆ. ಬಾನಂಚಿನಲ್ಲಿ ಆಗತಾನೇ ಕಂಡ ಸರಕು ಹಡಗು ಇಪ್ಪತ್ತೇ ನಿಮಿಷದಲ್ಲಿ ಮೇಲೇರಿ ಬರಬಹುದಾದ್ದರಿಂದ ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರವಿರಬೇಕು. ಮೂರು ನಾಲ್ಕು ಗಂಟೆಗಳ ಈ ಪಾಳಿಯಿಂದಾಗಿ, ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿ ಒಬ್ಬರನ್ನೊಬ್ಬರು ಸರಿಯಾಗಿ ಕಾಣುವುದು ಊಟದ ಹೊತ್ತಿನಲ್ಲಿ ಮಾತ್ರ. ಗಾಳಿಯ ದಿಕ್ಕಿಗೆ ತಕ್ಕಂತೆ ಚುಕ್ಕಾಣಿಯನ್ನು ತಾನೇ ತಿರುಗಿಸುವ ರೆಕ್ಕೆಯಂಥ ಸಾಧನವು 1960ರ ದಶಕದಿಂದ ಬಳಕೆಗೆ ಬಂದು ಕೈಗಳಿಗೆ ಬಿಡುವು ಕೊಟ್ಟಿತು, ಕಣ್ಣುಗಳಿಗಲ್ಲ. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ: ಇಬ್ಬರಲ್ಲಿ ಒಬ್ಬರು ನೀರಿಗೆ ಬಿದ್ದರೆ ಉಳಿದವರೊಬ್ಬರೇ ಹಾಯಿ ಇಳಿಸಿ, ದೋಣಿ ತಿರುಗಿಸಿ, ಬಿದ್ದವರನ್ನು ಹುಡುಕಿ ಮೇಲೆತ್ತಬೇಕು. ಗಂಡ ನಾವಿಕ, ಹೆಂಡತಿ ಅಡುಗೆಯವಳು ಎಂಬ ಹಂಚಿಕೆ ದಡದಲ್ಲಿ ಎಷ್ಟೇ ಅನುಕೂಲವೆನಿಸಿದರೂ ಕಡಲಿನಲ್ಲಿ ಅದು ಗಂಡನಿಗೇ ಅಪಾಯಕರ.

ಹಣದ ಮಾತಿಗೆ ಬಂದರೆ ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿಯ ಉದಾಹರಣೆಯನ್ನು ಮೀರಿಸುವುದು ಕಷ್ಟ. ಕ್ಯಾಲಿಫೋರ್ನಿಯದಲ್ಲಿ ತಮ್ಮ ಕೈಯಿಂದಲೇ ಕಟ್ಟಿ 1968ರಲ್ಲಿ ನೀರಿಗಿಳಿಸಿದ ‘ಸೆರಾಫಿನ್’ ಎಂಬ ದೋಣಿ ಕೇವಲ 24 ಅಡಿ ಚಿಲ್ಲರೆ ಉದ್ದವಿತ್ತು. ಎಂಜಿನ್ ಇರಲಿಲ್ಲ, ದೀಪ ಸೀಮೆಎಣ್ಣೆಯದು. ಕೆಡುವ ಯಂತ್ರವೇ ಇಲ್ಲದಿದ್ದರೆ ದುರಸ್ತಿಯ ಖರ್ಚೂ ಇಲ್ಲ ಎಂಬ ಸರಳ ತರ್ಕದಿಂದ ಅವರು ಹತ್ತಾರು ವರ್ಷ ಸಾಗಿದರು, ನಡುನಡುವೆ ಬಂದರುಗಳಲ್ಲಿ ಇತರರ ದೋಣಿ ರಿಪೇರಿ ಮಾಡಿ, ಲೇಖನ ಬರೆದು ಗಳಿಸಿದರು.

ಭಾರತದಲ್ಲಿ ಇಂಥ ದಂಪತಿ ವಿರಳವಾದರೂ ವಿದ್ಯೆ ಇಲ್ಲಿಯೂ ಇದೆ. ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳು ಗೋವಾದಲ್ಲಿ ಕಟ್ಟಿದ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದಲೇ ಹೊರಟು, ಇಬ್ಬರ ಪಾಳಿಯಲ್ಲೇ ಭೂಮಿಯನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ತೃಷ್ಣಾ ಕ್ಲಬ್ಬು ಹಾಯಿ ಹಿಡಿಯುವವರನ್ನು ತಯಾರು ಮಾಡುತ್ತದೆ. ಹೀಗೆ ಕಲಿತ ಜೋಡಿಯೊಂದು ಕಡಲಿಗೆ ಇಳಿದರೆ ಮೊದಲ ವರ್ಷಗಳಲ್ಲಿ ಅದು ಮಾಡಬಹುದಾದದ್ದು ಅಕ್ಟೋಬರಿನಿಂದ ಮೇವರೆಗೆ ಕಾರವಾರ, ಮಲ್ಪೆ, ಮಂಗಳೂರು, ಕೊಚ್ಚಿ ಎಂದು ತೀರದ ಗುಂಟ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸಾಗುವುದು. ಮುಂಗಾರು ಎದ್ದ ಮೇಲೆ ಅರಬ್ಬಿ ಸಮುದ್ರ ಸಣ್ಣ ದೋಣಿಗಳಿಗೆ ತಕ್ಕುದಲ್ಲ; ಆಗ ಅದನ್ನು ದಡಕ್ಕೆಳೆದು, ತಳಕ್ಕೆ ಕಚ್ಚಿದ ಚಿಪ್ಪು ಪಾಚಿಗಳನ್ನು ಕೆರೆದು, ಬಣ್ಣ ಬಳಿದು, ಸವೆದ ಹಗ್ಗ ಬದಲಿಸಬೇಕು, ಮತ್ತು ಆ ನಾಲ್ಕು ತಿಂಗಳು ದಂಪತಿ ಬಾಡಿಗೆ ಮನೆಯೊಂದನ್ನು ಹುಡುಕಿಕೊಳ್ಳಬೇಕು.