ಬ್ರೋಕರ್ ಯಾರ ಕಡೆ?

ಪ್ಲೇಸ್‌ಮೆಂಟ್ ಆಗಿ ಒಂದೆರಡು ವರ್ಷ ಕಳೆಯೋದರೊಳಗೆ ನಮ್ಮಲ್ಲಿ ಹಲವರ ಮನೆಯಲ್ಲಿ ಈ ಮಾತು ಬಂದೇ ಬರುತ್ತೆ: "ಬೆಂಗಳೂರಲ್ಲಿ ಸ್ವಂತದ್ದು ಅಂತ ಒಂದು ಮನೆ ಆಗ್ಬೇಕು." ಅಪ್ಪನ ರಿಟೈರ್‌ಮೆಂಟ್ ದುಡ್ಡು, ಅಮ್ಮನ ಒಡವೆ, ನಮ್ಮ ಸಂಬಳದ ಮೇಲೆ ಇಪ್ಪತ್ತು ವರ್ಷದ ಸಾಲ, ಎಲ್ಲವನ್ನೂ ಒಂದೇ ಕಡೆ ಸುರಿಯೋ ವ್ಯವಹಾರ ಇದು. "ನೀವು ಓದಿದೋರು, ಸ್ವಲ್ಪ ನೋಡಿ" ಅಂತ ಹುಡುಕಾಟದ ಕೆಲಸ ನಮ್ಮ ಪಾಲಿಗೆ ಬರುತ್ತೆ. ಯಾವುದೋ ಆ್ಯಪ್‌ನಲ್ಲಿ ನಂಬರ್ ಕೊಟ್ಟ ಸಂಜೆಯೇ ಬ್ರೋಕರ್‌ಗಳ ಕಾಲ್ ಶುರು.

ಬ್ರೋಕರ್ ಅಂದ ತಕ್ಷಣ ಕೆಲವರು ಮೋಸಗಾರ ಅಂತಾರೆ, ಇನ್ನು ಕೆಲವರು ಎಲ್ಲವನ್ನೂ ಅವರಿಗೇ ಬಿಟ್ಟುಬಿಡ್ತಾರೆ. ಎರಡೂ ಸರಿಯಲ್ಲ. ಅವರ ಲೆಕ್ಕಾಚಾರ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದರೆ ಎಲ್ಲಿ ನಂಬಬೇಕು, ಎಲ್ಲಿ ನಾವೇ ನೋಡ್ಕೋಬೇಕು ಅನ್ನೋದು ತಾನಾಗಿ ತಿಳಿಯುತ್ತೆ.

ಒಂದು ಸಣ್ಣ ಲೆಕ್ಕ

ಬೆಂಗಳೂರಲ್ಲಿ ಮನೆ ಮಾರಾಟಕ್ಕೆ ಶೇ. 1ರಿಂದ 2ರಷ್ಟು ಕಮಿಷನ್ ರೂಢಿ. ಎಷ್ಟೋ ಸಲ ಕೊಳ್ಳುವವರು, ಮಾರುವವರು ಇಬ್ಬರಿಂದಲೂ ತಗೋತಾರೆ.

80 ಲಕ್ಷದ ಮನೆ ಅಂದ್ಕೊಳ್ಳಿ. ಶೇ. 2 ಅಂದ್ರೆ ನಮ್ಮಿಂದ ಬ್ರೋಕರ್‌ಗೆ 1,60,000 ರೂಪಾಯಿ. ಅವರು ಚೌಕಾಸಿ ಮಾಡಿ ಬೆಲೆಯನ್ನ 76 ಲಕ್ಷಕ್ಕೆ ಇಳಿಸಿಕೊಟ್ಟರೆ ನಮಗೆ 4 ಲಕ್ಷ ಉಳಿತಾಯ. ಅವರ ಕಮಿಷನ್ 1,52,000ಕ್ಕೆ ಇಳಿಯುತ್ತೆ, ಅಂದ್ರೆ 8,000 ಖೋತಾ. ಹಾಗಂತ ಬೆಲೆ ಏರಿಸೋದರಿಂದ ಅವರಿಗೆ ಭಾರೀ ಲಾಭವೂ ಇಲ್ಲ. ಆದರೆ ವ್ಯವಹಾರವೇ ಮುರಿದುಬಿದ್ದರೆ? ತಿಂಗಳುಗಟ್ಟಲೆ ಬೈಕಲ್ಲಿ ಸುತ್ತಿಸಿದ ಕೆಲಸಕ್ಕೆ ಸಿಗೋದು ಸೊನ್ನೆ.

ಅಲ್ಲಿಗೆ ಬ್ರೋಕರ್ ನಮ್ಮ ಕಡೆಯೂ ಅಲ್ಲ, ಓನರ್ ಕಡೆಯೂ ಅಲ್ಲ. ಅವರು ವ್ಯವಹಾರ ಮುಗಿಯೋದರ ಕಡೆ. ಹಾಗಾಗಿ ಯಾವ ಸಂಗತಿ ಹೊರಬಂದರೆ ವ್ಯವಹಾರ ನಿಲ್ಲಬಹುದೋ, ಅದನ್ನ ಅವರ ಬಾಯಿಂದಲೇ ಕೇಳೋಣ ಅಂತ ಕಾಯಬಾರದು.

ಅವರಿಂದ ಏನು ಪಡೆಯಬೇಕು

ಏರಿಯಾದ ಬಗ್ಗೆ ಅವರಷ್ಟು ತಿಳಿದವರು ಸಿಗೋದು ಕಷ್ಟ. ಕಾವೇರಿ ನೀರು ಬರುತ್ತಾ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾ, ಜೋರು ಮಳೆಗೆ ರಸ್ತೆ ಕೆರೆಯಾಗುತ್ತಾ, ಪಕ್ಕದ ಮನೆ ಎಷ್ಟಕ್ಕೆ ಹೋಯ್ತು, ಓನರ್‌ಗೆ ಮಾರೋ ಅರ್ಜೆಂಟ್ ಇದೆಯಾ? ಇವನ್ನೆಲ್ಲ ಬಿಡದೆ ಕೇಳಿ. ಎರಡು ಮೂರು ಬ್ರೋಕರ್‌ಗಳನ್ನ ಬೇರೆ ಬೇರೆಯಾಗಿ ಕೇಳಿದರೆ ಉತ್ತರಗಳು ತಾಳೆಯಾಗುತ್ತವಾ ಅಂತಲೂ ಗೊತ್ತಾಗುತ್ತೆ.

ಆದರೆ ಒಂದೇ ಮನೆಯನ್ನ ಇಬ್ಬರು ಬ್ರೋಕರ್‌ಗಳ ಜೊತೆ ನೋಡಬೇಡಿ. ಕೊನೆಗೆ ಇಬ್ಬರೂ ಕಮಿಷನ್ ಕೇಳ್ತಾರೆ. ಮೊದಲು ತೋರಿಸಿದವರನ್ನ ಬಿಟ್ಟು ಹಿಂಬಾಗಿಲಿಂದ ಓನರ್ ಜೊತೆ ಮಾತಾಡೋದೂ ಸರಿಯಲ್ಲ, ಅದು ಅವರು ದುಡಿದ ದುಡ್ಡು. ಕಮಿಷನ್ ಎಷ್ಟು, ಯಾವಾಗ ಕೊಡೋದು ಅಂತ ಮೊದಲ ದಿನವೇ ಮಾತಾಡಿ, ಕೊನೇಪಕ್ಷ ವಾಟ್ಸ್ಆ್ಯಪ್‌ನಲ್ಲಾದರೂ ಬರೆದಿಟ್ಟುಕೊಳ್ಳಿ. ರಿಜಿಸ್ಟ್ರೇಷನ್ ಆದ ಮೇಲೆ ಕೊಡೋದು ಕ್ಷೇಮ.

ರೇರಾ ನಂಬರ್ ಕೇಳಿ

2016ರ ರೇರಾ ಕಾಯ್ದೆ ಪ್ರಕಾರ, ನೋಂದಾಯಿತ ಪ್ರಾಜೆಕ್ಟ್‌ಗಳಲ್ಲಿ ಫ್ಲಾಟ್ ಅಥವಾ ಸೈಟ್ ಮಾರಿಸಿಕೊಡೋ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ನೋಂದಣಿ ಇಲ್ಲದೆ ಈ ಕೆಲಸ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆಸ್ತಿಯ ಬೆಲೆಯ ಶೇ. 5ರವರೆಗೂ ಬೆಳೀಬಹುದು. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಐದು ನಿಮಿಷದ ಕೆಲಸ.

ಒಂದು ವಿಷಯ ನೆನಪಿರಲಿ: ಒಬ್ಬರು ಹತ್ತು ವರ್ಷ ವಾಸ ಮಾಡಿ ಮಾರ್ತಿರೋ ಹಳೇ ಬಿಡಿ ಮನೆಗೆ ಈ ನಿಯಮ ಅನ್ವಯ ಆಗಲ್ಲ. ಅಲ್ಲಿ ನಮ್ಮ ಎಚ್ಚರವೇ ನಮಗೆ ರಕ್ಷಣೆ.

"ಇವತ್ತೇ ಟೋಕನ್ ಹಾಕಿ ಸಾರ್"

"ನಾಳೆ ಇನ್ನೊಂದು ಪಾರ್ಟಿ ಬರ್ತಿದೆ" ಅನ್ನೋ ಮಾತು ಕೇಳದೆ ಮನೆ ಕೊಂಡವರು ಕಡಿಮೆ. ನಿಜವೂ ಇರಬಹುದು. ಆದರೂ ಟೋಕನ್ ಅಡ್ವಾನ್ಸ್ ಬ್ರೋಕರ್ ಕೈಗೆ ಕ್ಯಾಶ್ ಆಗಿ ಹೋಗಬಾರದು. ಓನರ್ ಹೆಸರಿಗೇ ಬ್ಯಾಂಕ್ ಮೂಲಕ ಹೋಗಲಿ. ದಾಖಲೆಯಲ್ಲಿ ದೋಷ ಸಿಕ್ಕರೆ ಹಣ ವಾಪಸ್ ಅಂತ ರಸೀದಿಯಲ್ಲಿ ಬರೆಸಿ. ಆ ಒಂದು ಸಾಲು ಬರೆಯೋಕೆ ಹಿಂದೇಟು ಹಾಕಿದರೆ ಅಲ್ಲೇ ನಿಲ್ಲಿ. ರೇರಾ ವ್ಯಾಪ್ತಿಯ ಹೊಸ ಪ್ರಾಜೆಕ್ಟ್ ಆದರೆ, ಸೇಲ್ ಅಗ್ರಿಮೆಂಟ್ ರಿಜಿಸ್ಟರ್ ಆಗೋ ಮೊದಲು ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ.

ಪತ್ರಗಳ ಪರಿಶೀಲನೆ ಅವರ ಕೆಲಸ ಅಲ್ಲ

"ಡಾಕ್ಯುಮೆಂಟ್ಸ್ ಎಲ್ಲಾ ಕ್ಲಿಯರ್ ಇದೆ, ಖಾತಾ ಇದೆ" ಅಂತಾರೆ. ಖಾತಾ ಅಂದ್ರೆ ಆಸ್ತಿ ತೆರಿಗೆ ಯಾರ ಹೆಸರಲ್ಲಿದೆ ಅನ್ನೋ ದಾಖಲೆ, ಅಷ್ಟೇ. ಅದೊಂದರಿಂದಲೇ ಮಾಲೀಕತ್ವ ಸಾಬೀತಾಗಲ್ಲ. ಅದಕ್ಕೆ ಮೂಲಪತ್ರದಿಂದ ಹಿಡಿದು ಇವತ್ತಿನ ಓನರ್‌ವರೆಗಿನ ಕ್ರಯಪತ್ರಗಳ ಸರಪಳಿ ನೋಡಬೇಕು. ಆಸ್ತಿ ಮೇಲೆ ನೋಂದಣಿಯಾದ ಅಡಮಾನ, ಮಾರಾಟ ಇಸಿಯಲ್ಲಿ, ಅಂದ್ರೆ ಋಣಭಾರ ಪತ್ರದಲ್ಲಿ ಕಾಣುತ್ತೆ. ನೋಂದಣಿಯೇ ಆಗದ ಒಪ್ಪಂದ, ಅಣ್ಣತಮ್ಮಂದಿರ ಪಾಲಿನ ತಕರಾರು ಅದರಲ್ಲಿ ಕಾಣದೇ ಇರಬಹುದು.

ಇದನ್ನೆಲ್ಲ ಓದೋಕೆ ಲಾಯರ್ ಬೇಕು. ಆ ಲಾಯರ್ ನಾವು ಹುಡುಕಿದವರಾಗಿರಬೇಕು. "ನಮ್ಮವರೇ ಒಬ್ಬರಿದ್ದಾರೆ ಸಾರ್" ಅಂತ ಬ್ರೋಕರ್ ಹೇಳೋ ಲಾಯರ್ ಒಳ್ಳೆಯವರೇ ಇರಬಹುದು, ಆದರೆ ಅವರಿಗೆ ಮುಂದಿನ ಕೇಸ್ ಬರೋದೂ ಬ್ರೋಕರ್ ಕಡೆಯಿಂದಲೇ. ಮೇಲಿನ ಲೆಕ್ಕವೇ ಇಲ್ಲೂ ನಡೆಯುತ್ತೆ. ಬ್ಯಾಂಕ್ ಸಾಲ ಕೊಡ್ತು ಅಂದ ಮಾತ್ರಕ್ಕೆ ಎಲ್ಲಾ ಸರಿಯಿದೆ ಅಂತಲೂ ಅಂದ್ಕೋಬೇಡಿ. ಬ್ಯಾಂಕ್ ನೋಡೋದು ತನ್ನ ಸಾಲಕ್ಕೆ ಭದ್ರತೆ.

ಇನ್ನೂ ಓದ್ತಿರೋ ನಾವು ಇದರಲ್ಲಿ ಏನು ಮಾಡಬಹುದು? ಚೌಕಾಸಿ ಮಾಡೋದು ಅಪ್ಪಅಮ್ಮನಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮಗೆ ಸುಲಭವಾಗಿದ್ದು, ಅವರಿಗೆ ಕಷ್ಟವಾಗೋದು ಎರಡು ಕೆಲಸ: ರೇರಾ ನಂಬರ್ ಹಾಕಿ ನೋಡೋದು, ಕಾವೇರಿ ಪೋರ್ಟಲ್‌ನಲ್ಲಿ ಇಸಿಗೆ ಅರ್ಜಿ ಹಾಕೋದು. ತುಂಬ ಹಳೇ ವರ್ಷಗಳ ದಾಖಲೆಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕಾಗಬಹುದು. ಟೋಕನ್ ಕೊಡೋ ಮಾತು ಮನೆಯಲ್ಲಿ ಬಂದರೆ, ಈ ಎರಡು ಪ್ರಿಂಟ್‌ಔಟ್ ಕೈಗೆ ಬರೋವರೆಗೂ ತಡೀರಿ ಅನ್ನಿ.