ಏಳು ಸೀಟಿನ ಗಾಡಿಯಲ್ಲಿ ಏಳು ಜನ ಕೂರಬಹುದೇ?

ಖಾರಘರದ ಯುವ ಮಿತ್ರರೇ,

ಮೇ ತಿಂಗಳು ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಊರಿನದೇ ಮಾತು. ನಿಮ್ಮ ತಂದೆ-ತಾಯಿಯರು ರಾತ್ರಿ ಬಸ್ಸಿನಲ್ಲಿ ಮೈ ನೋಯಿಸಿಕೊಂಡು ಹೋದವರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾದ ಮೇಲೆ ರೈಲು ಹಿಡಿದರು. ನೀವು ವಿಮಾನದವರು. 2025ರ ಡಿಸೆಂಬರ್‌ನಿಂದ ಪಕ್ಕದ ಉಲ್ವೆಯ ನವಿ ಮುಂಬಯಿ ನಿಲ್ದಾಣದಿಂದಲೂ ವಿಮಾನಗಳು ಹಾರತೊಡಗಿವೆ. ಟಿಕೇಟು ಕಾದಿರಿಸುವವರು ನೀವೇ. ಮಂಗಳೂರಿನಲ್ಲಿ ಇಳಿದ ಮೇಲೆ ಬಾಡಿಗೆ ಕಾರು ಗೊತ್ತುಮಾಡುವ ಹೊಣೆಯೂ ನಿಮ್ಮದೇ. ಆ ಹೊಣೆಯಲ್ಲಿ ನಾನೊಮ್ಮೆ ಎಡವಿದ್ದರಿಂದ ಈ ನಾಲ್ಕು ಮಾತು.

ಆಗ ನಾವು ಆರು ಜನ. ಏಳು ಸೀಟಿನ ಗಾಡಿ ಎಂದು ಓದಿ, ಒಂದು ಸೀಟು ಉಳಿಯಿತಲ್ಲ ಎಂದು ಹಿಗ್ಗಿದ್ದೆ. ಬಜ್ಪೆಯಲ್ಲಿ ಇಳಿದು ಡಿಕ್ಕಿ ತೆರೆದರೆ, ಕೊನೆಯ ಸಾಲಿನ ಬೆನ್ನಿಗೂ ಹಿಂಬಾಗಿಲಿಗೂ ನಡುವೆ ಎರಡು ಗೇಣು ಜಾಗವೂ ಇರಲಿಲ್ಲ. ಆರು ಪೆಟ್ಟಿಗೆಗಳು ನೆಲದ ಮೇಲೆ ಸಾಲಾಗಿ ನಿಂತಿದ್ದವು. ಕೊನೆಗೆ ಹಿಂದಿನ ಸಾಲಿನ ಅರ್ಧ ಮಡಚಿ ಸಾಮಾನು ತುಂಬಿದೆವು. ಉಳಿದ ಅರ್ಧಕ್ಕೆ, "ನಾನೇ ಸಣ್ಣಗಿರುವವಳು, ಕೂತುಕೊಳ್ಳುತ್ತೇನೆ ಮಗಾ" ಎಂದು ಅಜ್ಜಿ ನುಸುಳಿದರು. ಉಡುಪಿ ಮುಟ್ಟುವವರೆಗೂ ಮಂಡಿ ಎದೆಗೆ ತಾಗಿಕೊಂಡೇ ಇತ್ತು. ಇಳಿಸಲು ಇಬ್ಬರು ಬೇಕಾಯಿತು. "ಕಾಲು ಜೋಮು ಹಿಡಿದಿದೆ, ಅಷ್ಟೆ" ಎಂದರು. ತಪ್ಪು ಗಾಡಿಯದಲ್ಲ, ನನ್ನದು.

ಸೀಟಿನ ಸಂಖ್ಯೆ ತಲೆಯನ್ನು ಎಣಿಸುತ್ತದೆ. ಪೆಟ್ಟಿಗೆಯನ್ನೂ ಮಂಡಿಯನ್ನೂ ಎಣಿಸುವುದಿಲ್ಲ. ಲೆಕ್ಕ ನೋಡಿ. ವಿಮಾನಕ್ಕೆ ಒಪ್ಪಿಸುವ ದೊಡ್ಡ ಪೆಟ್ಟಿಗೆಯೊಂದು ಸುಮಾರು 100 ಲೀಟರ್ ಜಾಗ ತಿನ್ನುತ್ತದೆ, ಕೈಪೆಟ್ಟಿಗೆ 40. ಮೂರೂ ಸಾಲು ಎತ್ತಿದಾಗ ಎರ್ಟಿಗಾದ ಡಿಕ್ಕಿ 209 ಲೀಟರ್. ಐದೇ ಸೀಟಿನ ಡಿಜೈರ್‌ನದು ಸುಮಾರು 380! ಇನ್ನೋವಾ ಕ್ರಿಸ್ಟಾದಲ್ಲೂ ಎಲ್ಲ ಸೀಟು ತುಂಬಿದರೆ ಸುಮಾರು 300 ಮಾತ್ರ. ಅಂದರೆ ಏಳು ಸೀಟಿನ ಗಾಡಿ ಸಾಮಾನಿನೊಡನೆ ನಾಲ್ಕೈದು ಜನರಿಗೆ ಸುಖ. ಆರು ಜನರಿಗೆ ಇಕ್ಕಟ್ಟು. ಏಳು ಜನರಿಗೆ ಪೆಟ್ಟಿಗೆಯೇ ಇರಬಾರದು. ಆರೇಳು ಮಂದಿಯಾದರೆ ಎರಡು ಸಣ್ಣ ಕಾರುಗಳ ಬಾಡಿಗೆಯನ್ನೂ ಒಮ್ಮೆ ಕೇಳಿ ನೋಡಿ. ಸಿಎನ್‌ಜಿ ಗಾಡಿಯೋ ಎಂದೂ ಕೇಳಿ. ಸಿಲಿಂಡರು ಡಿಕ್ಕಿಯಲ್ಲೇ ಕೂತಿದ್ದರೆ ಮೇಲಿನ ಲೆಕ್ಕವೆಲ್ಲ ಸುಳ್ಳು. ನಮ್ಮ ಮುಂಬಯಿಯ ಹಳೆಯ ಪದ್ಮಿನಿ ಟ್ಯಾಕ್ಸಿಗೆ ತಲೆಯ ಮೇಲೆ ಕ್ಯಾರಿಯರ್ ಇತ್ತು. 2023ರಲ್ಲಿ ಅದೂ ಬೀದಿಯಿಂದ ಮರೆಯಾಯಿತು.

ನಮ್ಮ ದೇಶದ 'ಸಣ್ಣ ಕಾರು' ಎಂಬ ವರ್ಗ ಹುಟ್ಟಿದ್ದು ತೆರಿಗೆಯಿಂದ. 2006ರ ಬಜೆಟ್ಟು ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನಿನ ಕಾರುಗಳಿಗೆ ಸುಂಕ ಇಳಿಸಿತು. 2012ರಲ್ಲಿ ಡಿಜೈರ್ ಬಾಲ ಕತ್ತರಿಸಿಕೊಂಡು 3,995 ಮಿಲಿಮೀಟರಿಗೆ ಬಂದದ್ದು ಇದಕ್ಕಾಗಿಯೇ. ಇನ್ನು ಕಾದಿರಿಸುವಾಗ 'ಡಿಜೈರ್ ಅಥವಾ ಅದಕ್ಕೆ ಸಮಾನ' ಎಂದು ಬರೆದಿರುತ್ತಾರೆ. ನಿಮಗೆ ಸಿಗುವ ಭರವಸೆ ವರ್ಗದ್ದು, ಹೆಸರಿನದಲ್ಲ.

ನಾಳೆ ನೀವು ಪರದೇಶದಲ್ಲಿ ಕಾರು ಹಿಡಿದರೆ ಇದೇ ಪದಗಳು ಬೇರೆ ಅರ್ಥ ಕೊಡುತ್ತವೆ. ಅಮೆರಿಕದ 'ಫುಲ್ ಸೈಜ್' ಎಂದರೆ ಕ್ಯಾಮ್ರಿಯಂಥ ಕಾರು. ನಮ್ಮ ಕ್ರಿಸ್ಟಾಗಿಂತಲೂ ಉದ್ದ, ಆದರೆ ಸೀಟು ಐದೇ. ಅಲ್ಲಿ ವರ್ಗಕ್ಕೆ ನಾಲ್ಕು ಅಕ್ಷರದ ಸಂಕೇತವಿರುತ್ತದೆ. ಮೂರನೆಯ ಅಕ್ಷರ 'ಎ' ಇದ್ದರೆ ಆಟೋಮ್ಯಾಟಿಕ್, 'ಎಂ' ಇದ್ದರೆ ಕೈಗೇರು. ಆಟೋಮ್ಯಾಟಿಕ್ ಮಾತ್ರ ಬಲ್ಲವರು ಯೂರೋಪಿನಲ್ಲಿ ಇದನ್ನು ನೋಡದೆ ಹಣ ಕಟ್ಟಬಾರದು.

ಮಂಗಳೂರಿಗೇ ಮರಳೋಣ. ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರಬೇಕು. ಚಾಲಕನಿರುವ ಟ್ಯಾಕ್ಸಿಗೆ ಹಳದಿಯ ಮೇಲೆ ಕಪ್ಪು. ಯಾರೋ ಪರಿಚಯದವರು ಬಿಳಿ ಫಲಕದ ಸ್ವಂತ ಕಾರನ್ನು ಅಗ್ಗಕ್ಕೆ ಬಾಡಿಗೆ ಕೊಡುತ್ತೇನೆಂದರೆ ಬೇಡವೆನ್ನಿ. ಅಪಘಾತವಾದಾಗ ವಿಮೆಯವರು ಹಣ ಕೊಡಲು ನಿರಾಕರಿಸಬಹುದು. ಕೀಲಿ ಕೈಗೆ ಬಂದೊಡನೆ ಹೊರಡಬೇಡಿ. ನಾಲ್ಕೂ ಬದಿಯ ಗೀರು, ಇಂಧನದ ಮುಳ್ಳು, ಸ್ಟೆಪ್ನಿ – ಎಲ್ಲದರ ಫೋಟೋ ತೆಗೆಯಿರಿ. ಉಡುಪಿ ದಾರಿಯ ಹೆಜಮಾಡಿಯಲ್ಲಿ ಟೋಲ್ ಇದೆ, ಫಾಸ್ಟ್ಯಾಗಿನ ಹಣ ಯಾರದೆಂದು ಮೊದಲೇ ಕೇಳಿಕೊಳ್ಳಿ. ಆಗುಂಬೆಯ ಹದಿನಾಲ್ಕು ತಿರುವು ಹತ್ತುವವರಿದ್ದರೆ, ಹೊಟ್ಟೆ ತೊಳಸುವವರನ್ನು ಹಿಂದಿನ ಸಾಲಿಗೆ ತಳ್ಳಬೇಡಿ.

ಬರುವಾಗ ಹಲಸಿನ ಹಪ್ಪಳ, ಕುಚ್ಚಲಕ್ಕಿ, ದೊಡ್ಡಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿ ಇರುತ್ತದೆ. ಡಿಕ್ಕಿಯ ಲೆಕ್ಕಕ್ಕೆ ಅದನ್ನೂ ಸೇರಿಸಿ. ನಮ್ಮ ಮನೆಯ ಮುಂದಿನ ಪ್ರಯಾಣಕ್ಕೆ ಎರಡು ಸಣ್ಣ ಕಾರು ಗೊತ್ತಾಗಿವೆ. ಒಂದರ ಮುಂದಿನ ಸೀಟು ಅಜ್ಜಿಗೆ.